ಶೈಲಜಾ ಕಲಿತ ಮೊಟ್ಟೆಯ ಹೆಸರುಗಳು

ಶೈಲಜಾ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಆದರೆ ಇಪ್ಪತ್ತಮೂರು ವರ್ಷಗಳಿಂದ ಬೇರೆಯವರಿಗೆ ‘ದಿನಕ್ಕೊಂದು ಮೊಟ್ಟೆ, ಬೇಯಿಸಿದ್ದು’ ಎಂದು ಬರೆದುಕೊಡುತ್ತ ಬಂದಿದ್ದಾಳೆ. ಅವಳು ಆಸ್ಪತ್ರೆಯಲ್ಲಿ ಡಯಟಿಷಿಯನ್. ಮೊದಲು ಮೈಸೂರಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ, ಗಂಡ ಸುದರ್ಶನನನ್ನು ಟೆಲಿಕಾಂ ಕಂಪನಿಯವರು ನೈರೋಬಿಗೆ ಹಾಕಿದ ಮೇಲೆ ಇಲ್ಲಿ, ಅಪ್ಪರ್ ಹಿಲ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಸ್ಪ್ರಿಂಗ್ ವ್ಯಾಲಿಯಲ್ಲಿ ಅವರ ಮನೆ ನಮ್ಮ ಮನೆಯ ಮೇಲಿನ ಮಹಡಿ. ಬೆಳಿಗ್ಗೆ ಆರೂಕಾಲಿಗೆ ಅವಳೂ ನಾನೂ ಒಂದೇ ಕಾರಿನಲ್ಲಿ ಹೊರಡುತ್ತಿದ್ದೆವು. ನನ್ನ ಬ್ಯಾಂಕು ಅವಳ ಆಸ್ಪತ್ರೆಯಿಂದ ಎರಡು ಕಟ್ಟಡ ಆಚೆ. ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ನಾನು ಕೇಳಿದ್ದು ಆ ಕಾರಿನಲ್ಲೇ, ಅವಳ ಸಿಟ್ಟು ಇನ್ನೂ ಆರದಿದ್ದಾಗ.

ಸಿಟ್ಟು ಅಂದೆ. ನೋಡಿದವರು ಯಾರೂ ಅವಳನ್ನು ಸಿಟ್ಟಿನವಳು ಅನ್ನುವುದಿಲ್ಲ. ಮೆಲುಮಾತು, ಸಣ್ಣ ಆಳು, ದೊಡ್ಡ ಕನ್ನಡಕ. ಆದರೆ ಒಂದು ಸಲ ‘ಇಲ್ಲ’ ಅಂದಳೆಂದರೆ ಮುಗಿಯಿತು. ಅವಳ ಅಪ್ಪ ಮೈಸೂರಿನ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲಯರ್ ಆಗಿದ್ದವರು. ಮನೆಯಲ್ಲಿ ತುಳು. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಎಲ್ಲರ ಮನೆಮಾತು ಕೇಳಿ ಬರೆದುಕೊಳ್ಳುತ್ತಿದ್ದಾಗ ಇವಳು ‘ತುಳು’ ಎಂದಳಂತೆ. “ಅದು ಭಾಷೆ ಅಲ್ಲಮ್ಮ, ಆಡುಮಾತು. ಕನ್ನಡ ಅಂತ ಬರೀತೀನಿ” ಅಂದರಂತೆ ಮೇಷ್ಟ್ರು. “ಬರೀಬೇಡಿ ಸಾರ್” ಅಂದ ಹತ್ತು ವರ್ಷದ ಹುಡುಗಿ ಆ ದಿನವೆಲ್ಲ ಕ್ಲಾಸಿನ ಹೊರಗೆ ನಿಂತಿದ್ದಳು. ಮರುದಿನವೂ ನಿಂತಳು. ಮೂರನೇ ದಿನ ಮೇಷ್ಟ್ರೇ ಸೋತು ತುಳು ಎಂದು ಬರೆದರು.

ಹೋದ ವರ್ಷ ಫೆಬ್ರವರಿಯಲ್ಲಿ ಅವಳ ವಾರ್ಡಿಗೆ ಎಪ್ಪತ್ತೊಂಬತ್ತು ವರ್ಷದ ಒಬ್ಬ ಮುದುಕಿ ಬಂದರು. ಹೆಸರು ಲಾವ್ ಸೂಕ್‌ಯಿಂಗ್. ನಲವತ್ತು ವರ್ಷದ ಹಿಂದೆ ಹಾಂಗ್‌ಕಾಂಗ್‌ನಿಂದ ಗಂಡನ ಜೊತೆ ನೈರೋಬಿಗೆ ಬಂದು ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಹೋಟೆಲು ನಡೆಸಿದವರು. ಗಂಡ ತೀರಿಹೋಗಿ, ಕೊರೋನಾ ವರ್ಷದಲ್ಲಿ ಹೋಟೆಲೂ ಮುಚ್ಚಿ, ಒಬ್ಬರೇ ಇದ್ದರು. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು. ಜೊತೆಗೆ, ನಲವತ್ತು ವರ್ಷ ಆಡಿದ ಇಂಗ್ಲಿಷೂ ಸ್ವಾಹಿಲಿಯೂ ಹೊರಟುಹೋಗಿದ್ದವು. ಉಳಿದದ್ದು ಹುಟ್ಟುಭಾಷೆ ಒಂದೇ, ಅದೂ ತುಂಡು ತುಂಡಾಗಿ. ಮಕ್ಕಳಿಲ್ಲ. ಮೊಂಬಾಸಾದಲ್ಲಿದ್ದ ತಂಗಿಯ ಮಗ ಬಂದು ಕಾಗದಗಳಿಗೆ ಸಹಿ ಹಾಕಿ, ನೋಡಲು ಬರುವವರ ಪಟ್ಟಿಯಲ್ಲಿ ತನ್ನ ಮತ್ತು ತನ್ನ ಹೆಂಡತಿಯ ಹೆಸರು ಮಾತ್ರ ಬರೆಸಿ ಹೋಗಿದ್ದ.

ಮುದುಕಿ ಊಟ ಮಾಡುತ್ತಿರಲಿಲ್ಲ. ನುಂಗುವ ಪರೀಕ್ಷೆ ಮಾಡಿದ್ದರು. ಮೆತ್ತಗಿನ, ನುಣ್ಣಗಿನ ಆಹಾರ ನುಂಗಬಲ್ಲರು ಎಂದೇ ಬಂದಿತ್ತು. ಆದರೂ ಬೆಳಿಗ್ಗೆ ತಟ್ಟೆ ತಂದರೆ ಎಡಗೈಯಿಂದ ತಳ್ಳಿಬಿಡುತ್ತಿದ್ದರು. ಉಜಿ ಎಂದು ಇಲ್ಲಿ ಕರೆಯುವ ರಾಗಿ ಗಂಜಿ, ಹಿಸುಕಿದ ಬೇಯಿಸಿದ ಮೊಟ್ಟೆ, ಪಪ್ಪಾಯ. ಎಲ್ಲವನ್ನೂ ತಳ್ಳಿ, ಪ್ರತಿ ಸಲವೂ ಏನೋ ಒಂದು ಹೇಳುತ್ತಿದ್ದರು. ಮೂಗಿನ ನಳಿಕೆಯಿಂದ ಆಹಾರ ಹೋಗುತ್ತಿತ್ತು. ಎರಡು ಸಲ ಅದನ್ನೂ ಕಿತ್ತು ಹಾಕಿದ್ದರು. ಶೈಲಜಾ ಚಾರ್ಟ್ ತೆಗೆದು ನೋಡಿದಾಗ ನರ್ಸುಗಳು ಹನ್ನೊಂದು ದಿನದಿಂದ ಒಂದೇ ಮಾತು ಬರೆದಿದ್ದರು: ‘ಸಹಕರಿಸುವುದಿಲ್ಲ. ಊಟಕ್ಕೆ ಮುಂಚೆ ಸಿಕ್, ಸಿಕ್ ಎನ್ನುತ್ತಾರೆ. ವಾಂತಿ ನಿಲ್ಲುವ ಇಂಜೆಕ್ಷನ್ ಕೊಡಲಾಗಿದೆ.’

“ವಾಂತಿ ಮಾಡಿಕೊಂಡ್ರಾ?” ಎಂದು ಶೈಲಜಾ ಕೇಳಿದಳು.

“ಇಲ್ಲ. ಆದ್ರೆ ಸಿಕ್ ಅಂತಾರಲ್ಲ, ವಾಕರಿಕೆ ಇರ್ಬೇಕು” ಎಂದಳು ನರ್ಸು.

ಆಸ್ಪತ್ರೆಯವರು ಒಬ್ಬ ದುಭಾಷಿಯನ್ನೂ ಕರೆಸಿದ್ದರು. ಟೈ ಕಟ್ಟಿದ್ದ ತರುಣ. ಮಂಚದ ಪಕ್ಕ ಐದು ನಿಮಿಷ ನಿಂತು, ಏನೋ ಕೇಳಿ, ಉತ್ತರ ಅರ್ಥವಾಗದೆ ಹೊರಗೆ ಬಂದ. “ಇವರು ಸರಿಯಾದ ಚೈನೀಸ್ ಮಾತಾಡ್ತಿಲ್ಲ. ಕ್ಯಾಂಟನೀಸ್. ಅದು ಭಾಷೆ ಅಲ್ಲ, ಬರೀ ಆಡುಮಾತು. ಅದರ ಮೇಲೆ ಸ್ಟ್ರೋಕ್ ಬೇರೆ. ಅರ್ಥ ಇಲ್ಲದ ಶಬ್ದಗಳು” ಎಂದು ಫಾರಂ ತುಂಬಿ ಕೊಟ್ಟು ಹೋದ.

ಆ ದಿನ ಸಂಜೆ ಕಾರಿನಲ್ಲಿ ಶೈಲಜಾ ಆ ಮಾತನ್ನು ನನಗೆ ಮೂರು ಸಲ ಹೇಳಿದಳು. “ಅರ್ಥ ಇಲ್ಲದ ಶಬ್ದ ಅಂತೆ ಕಣೇ. ಅರ್ಥ ಇಲ್ಲದ ಶಬ್ದ. ಇವನಿಗೆ ಅರ್ಥ ಆಗ್ಲಿಲ್ಲ ಅಂತ ಬರೀಬೇಕಿತ್ತು, ಅಲ್ವಾ? ಅವರಿಗೆ ಅರ್ಥ ಇಲ್ಲ ಅಂತ ಬರ್ದಿದಾನೆ.”

ಶುಕ್ರವಾರ ಬರುವಷ್ಟರಲ್ಲಿ ವೈದ್ಯರು ಹೊಟ್ಟೆಗೆ ತೂತು ಮಾಡಿ ನಳಿಕೆ ಹಾಕುವ ಮಾತೆತ್ತಿದರು. ಮುಂದಿನ ಗುರುವಾರ ತೀರ್ಮಾನ ಎಂದಾಯಿತು.

ಆಸ್ಪತ್ರೆಯ ಅಡುಗೆಮನೆಯ ಯಜಮಾನಿ ಫಿಲೋಮಿನಾ. ಐವತ್ತೈದರ ಗಟ್ಟಿ ಹೆಂಗಸು. ಶೈಲಜಾಳನ್ನು ‘ಡಾಕಿಟಾರಿ’ ಎಂದು ಕರೆಯುತ್ತಾಳೆ, ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಶುಕ್ರವಾರ ಮುದುಕಿಯ ಮುಟ್ಟದ ತಟ್ಟೆ ವಾಪಸ್ಸು ಬಂದಾಗ ಅವಳು ಹೇಳಿದಳು: “ಗೇಟಿಗೆ ದಿನಾ ಬೆಳಿಗ್ಗೆ ಒಬ್ಬರು ಮುದುಕರು ಬರ್ತಾರೆ, ಫ್ಲಾಸ್ಕ್ ಹಿಡ್ಕೊಂಡು. ಆ ಚೈನಾ ಮಾಮಾಗೆ ಅಂತ. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಗಾರ್ಡ್ ವಾಪಸ್ ಕಳಿಸ್ತಾನೆ. ಮಾರನೇ ದಿನ ಮತ್ತೆ ಬರ್ತಾರೆ.” ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ, ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ.

ಶನಿವಾರ ಶೈಲಜಾಳಿಗೆ ರಜೆ. ಆದರೂ ಆರೂವರೆಗೆ ಗೇಟಿನ ಹತ್ತಿರ ನಿಂತಳು. ಅವರು ಬಂದರು. ಕ್ಯಾಲೋ ಅಂತ ಹೆಸರು, ಇಲ್ಲಿನ ಕಂಬಾ ಬುಡಕಟ್ಟಿನವರು, ಅರವತ್ತಾರು ವರ್ಷ. ಹಳೆಯ ಕೋಟು, ತೊಳೆದ ಶೂ. ಆ ದಿನವೂ ಗಾರ್ಡಿಗೆ ನಮಸ್ಕಾರ ಹೇಳಿ, ಫ್ಲಾಸ್ಕ್ ತೋರಿಸಿ, ಇಲ್ಲ ಅನ್ನಿಸಿಕೊಂಡು ತಿರುಗಿದರು. ಶೈಲಜಾ ಹಿಂದೆಯೇ ಹೋಗಿ, “ಮ್ಝೇ, ಒಂದು ನಿಮಿಷ” ಎಂದಳು. ಇಲ್ಲಿ ಹಿರಿಯರನ್ನು ಹಾಗೆ ಕರೆಯುತ್ತಾರೆ.

ಕ್ಯಾಲೋ ಮೂವತ್ತೊಂದು ವರ್ಷ ಆ ಹೋಟೆಲಿನ ಅಡುಗೆಮನೆಯಲ್ಲಿ ಇದ್ದವರು. ಪಾತ್ರೆ ತೊಳೆಯಲು ಸೇರಿ, ಮುಖ್ಯ ಅಡುಗೆಯವರಾಗಿ ಮುಗಿಸಿದವರು. ಅವರಿಗೆ ಮುದುಕಿ ‘ಲಾವ್ ತಾಯ್’. ಕ್ಯಾಂಟನೀಸ್‌ನಲ್ಲಿ ಲಾವ್ ಅವರ ಹೆಂಡತಿ ಎಂದು ಅದರ ಅರ್ಥವಂತೆ. ಶೈಲಜಾಳ ಕಿವಿಗೆ ಅದು ನಮ್ಮ ತಾಯಿ ಎಂದೇ ಕೇಳಿಸಿತು. ಅಂದಿನಿಂದ ಅವಳೂ ಹಾಗೇ ಕರೆದಳು.

“ಒಂದೇ ಒಂದು ಮಾತು ಕೇಳ್ತೀನಿ ಮ್ಝೇ. ‘ಸಿಕ್’ ಅಂದ್ರೇನು?”

ಕ್ಯಾಲೋ ನಕ್ಕರು. “ತಿನ್ನೋದು ಮಾಮಾ. ಸಿಕ್ ಅಂದ್ರೆ ತಿನ್ನು.”

“ಮ್ ಹೋ ಸಿಕ್ ಅಂದ್ರೆ?”

“ರುಚಿ ಇಲ್ಲ ಅಂತ. ಅದನ್ನ ನಾನು ಮೊದಲನೇ ವರ್ಷ ದಿನಾ ಕೇಳಿದೀನಿ. ಯಾರು ಹೇಳಿದ್ರು ನಿಮಗೆ?”

ವಾರ್ಡಿನಲ್ಲಿ ಮಂಚದ ಪಕ್ಕ ನಿಂತು ಶೈಲಜಾ ತಾನೇ ಕೇಳಿಸಿಕೊಂಡಿದ್ದ ಮಾತು ಅದು. ಹನ್ನೊಂದು ದಿನದಿಂದ ಊಟ ಚೆನ್ನಾಗಿಲ್ಲ ಎಂದು ಹೇಳುತ್ತಿದ್ದ ಹೆಂಗಸಿಗೆ ವಾಂತಿಯ ಇಂಜೆಕ್ಷನ್ ಚುಚ್ಚುತ್ತಿದ್ದರು. ತಳ್ಳುವಾಗ ಹೇಳುವ ಇನ್ನೊಂದು ಮಾತನ್ನೂ ನೆನಪಿಸಿಕೊಂಡು ಹೇಳಿದಳು: “ಮ್ ಯೀವ್ ಸಾಪ್ ದಾನ್.”

“ಬೇಯಿಸಿದ ಮೊಟ್ಟೆ ಬೇಡ” ಎಂದರು ಕ್ಯಾಲೋ. “ಯೀವ್ ಅಂದ್ರೆ ಬೇಕು. ಮ್ ಯೀವ್ ಅಂದ್ರೆ ಬೇಡ. ದಾನ್ ಅಂದ್ರೆ ಮೊಟ್ಟೆ. ಲಾವ್ ತಾಯ್ ಬೇಯಿಸಿದ ಮೊಟ್ಟೆ ಜನ್ಮದಲ್ಲಿ ತಿಂದಿಲ್ಲ. ಅದನ್ನ ಕೊಟ್ಟವರನ್ನ ಅಡುಗೆಮನೆಯಿಂದ ಓಡಿಸ್ತಿದ್ರು.”

“ಮತ್ತೆ ಏನು ತಿಂತಾರೆ?”

“ಅದನ್ನ ಗೇಟಲ್ಲಿ ನಿಂತು ಹೇಳೋಕಾಗಲ್ಲ. ನನ್ನ ಗಾಡಿ ಹತ್ತಿರ ಬನ್ನಿ.”

ಗಾಡಿ ಇದ್ದದ್ದು ಇಂಡಸ್ಟ್ರಿಯಲ್ ಏರಿಯಾದಲ್ಲಿ, ಒಂದು ಟೈಲ್ಸ್ ಗೋದಾಮಿನ ಎದುರು. ಹೋಟೆಲು ಮುಚ್ಚಿದ ಮೇಲೆ ಕ್ಯಾಲೋ ಕೈಗಾಡಿಯಲ್ಲಿ ಬೇಯಿಸಿದ ಮೊಟ್ಟೆ ಮಾರುತ್ತಿದ್ದರು. ಮೊಟ್ಟೆಯನ್ನು ಎರಡು ಸೀಳು ಮಾಡಿ, ನಡುವೆ ಈರುಳ್ಳಿ ಟೊಮ್ಯಾಟೊ ತುಂಬಿ, ಖಾರ ಹಾಕಿ, ಕಾಗದದಲ್ಲಿ ಕೊಡುವುದು. ಶನಿವಾರ, ಭಾನುವಾರ, ಆಮೇಲೆ ಮೂರು ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಶೈಲಜಾ ಅಲ್ಲಿಗೆ ಹೋದಳು. ಲಾರಿಗಳ ಸಾಲಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡು ಇಪ್ಪತ್ತು ನಿಮಿಷದ ಪಾಠ. ಕೊನೆಗೆ ಕಾರು ಬಿಟ್ಟು ಬೋಡಾ, ಅಂದರೆ ಬಾಡಿಗೆ ಬೈಕು, ಹತ್ತಿದಳು. ಸೀರೆ ಉಟ್ಟ ದಿನವೂ ಹತ್ತಿದಳು. ‘ಸಿಕ್’ನ ಅರ್ಥವನ್ನು ವಾರ್ಡಿನಲ್ಲಿ ಹೇಳಿ ನೋಡಿದ್ದಳು; ದುಭಾಷಿಯ ಫಾರಂ ಇದೆಯಲ್ಲ ಎಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಅವಳು ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡಳು. ಆ ನೋಟ್‌ಬುಕ್ ನಾನು ನೋಡಿದ್ದೇನೆ. ಜೋ ಸನ್, ಶುಭೋದಯ. ಜೋ ಚಾನ್, ಬೆಳಗಿನ ತಿಂಡಿ. ಜಿನ್ ದಾನ್, ಎಣ್ಣೆಯಲ್ಲಿ ಕಾಯಿಸಿದ ಮೊಟ್ಟೆ. ಚಾವ್ ದಾನ್, ಕದಡಿ ಹುರಿದದ್ದು. ತಾಯ್ ಯಂಗ್ ದಾನ್, ಹಳದಿ ಒಡೆಯದೆ ಕಾಯಿಸಿದ್ದು. ಸೂರ್ಯನ ಮೊಟ್ಟೆ ಎಂದು ಅರ್ಥ. ಹಾಮ್ ದಾನ್, ಉಪ್ಪಿನಲ್ಲಿ ಊರಿಸಿದ್ದು. ಚಾ ಯಿಪ್ ದಾನ್, ಚಹಾದ ಸೊಪ್ಪಿನಲ್ಲಿ ಕುದಿಸಿದ್ದು. ಜುಕ್ ಎಂದರೆ ಅಕ್ಕಿ ಗಂಜಿ. ಅದರ ಪಕ್ಕ ಬ್ರಾಕೆಟ್ಟಿನಲ್ಲಿ ‘ನಮ್ಮದೇ’ ಎಂದು ಬರೆದುಕೊಂಡಿದ್ದಳು. ಚಂಗ್ ಫನ್, ಅಕ್ಕಿ ಹಿಟ್ಟನ್ನು ಹಬೆಯಲ್ಲಿ ತೆಳ್ಳಗೆ ಬೇಯಿಸಿ ಸುತ್ತಿದ್ದು. ಅದರ ಪಕ್ಕ ‘ನೀರುದೋಸೆಯ ಅಕ್ಕ’. ಯಾವ್ ಜಾ ಗ್ವಾಯ್, ಗಂಜಿಯಲ್ಲಿ ಅದ್ದಿ ತಿನ್ನುವ ಉದ್ದನೆಯ ಕರಿದ ಹಿಟ್ಟು. ಅದನ್ನು ಕ್ಯಾಲೋ, ಇಲ್ಲಿ ಚಹಾದ ಜೊತೆ ತಿನ್ನುವ ಕರಿದ ಮಂದಾಜಿಯ ಉದ್ದ ತಮ್ಮ ಎಂದರಂತೆ.

ಬರೆಯುವುದು ಸುಲಭವಾಯಿತು. ಹೇಳುವುದು ಆಗಲಿಲ್ಲ. ಒಂದೇ ‘ದಾನ್’ ಸ್ವರ ಬದಲಾದರೆ ಬೇರೆ ಮಾತು. ಮೊಟ್ಟೆಗೆ ಕೊನೆಯಲ್ಲಿ ದನಿ ಏರಬೇಕು, ಪ್ರಶ್ನೆ ಕೇಳಿದ ಹಾಗೆ. ಎತ್ತರದಲ್ಲಿ ಸಪಾಟಾಗಿ ಹೇಳಿದರೆ ಹೋಟೆಲಿನ ಬಿಲ್ಲು. ಶೈಲಜಾ ಎಷ್ಟು ಸಲ ಹೇಳಿದರೂ ಬಿಲ್ಲೇ ಬರುತ್ತಿತ್ತು. ಮೊಟ್ಟೆ ಕೊಳ್ಳಲು ಬಂದ ಗೋದಾಮಿನ ಕೆಲಸಗಾರರು ಸುತ್ತ ನಿಂತು ನಗುತ್ತಿದ್ದರು. ಅವಳು ನಿಲ್ಲಿಸಲಿಲ್ಲ. “ನಗ್ಲಿ ಬಿಡೇ. ಐದನೇ ಕ್ಲಾಸಲ್ಲಿ ನಲವತ್ತು ಜನ ನಕ್ಕಿದ್ರು” ಎಂದಳು ನನಗೆ.

ಲಾವ್ ತಾಯ್ ಗಂಡ ಬದುಕಿದ್ದಾಗಿನಿಂದ ಪ್ರತಿದಿನ ಬೆಳಿಗ್ಗೆ ತಿನ್ನುತ್ತಿದ್ದದ್ದು ಜಿಂಗ್ ಸೋಯ್ ದಾನ್. ಮೊಟ್ಟೆಗೆ ಎರಡರಷ್ಟು ಬೆಚ್ಚನೆಯ ನೀರು ಸೇರಿಸಿ, ನೊರೆ ಬರದ ಹಾಗೆ ಕಲಕಿ, ಸೋಸಿ, ಮೇಲೆ ತಟ್ಟೆ ಮುಚ್ಚಿ ಸಣ್ಣ ಉರಿಯ ಹಬೆಯಲ್ಲಿ ಹತ್ತು ನಿಮಿಷ. ಗಿಣ್ಣಿನ ಹಾಗೆ ಅದುರುತ್ತದೆ, ಬಾಯಿಗಿಟ್ಟರೆ ಜಾರುತ್ತದೆ. ಇದನ್ನು ಕೇಳುತ್ತಿದ್ದಾಗ ಶೈಲಜಾ ತಲೆ ಚಚ್ಚಿಕೊಂಡಳು. ನುಂಗಲು ಕಷ್ಟಪಡುವ ರೋಗಿಗೆ ಪುಸ್ತಕ ನೋಡಿ ಅವಳೇ ಆರಿಸಬೇಕಾಗಿದ್ದರೂ ಇದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ.

ಬುಧವಾರ ಸಂಜೆ ಅವಳು ಆರು ಮೊಟ್ಟೆಯ ಟ್ರೇ ಹಿಡಿದು ಮನೆಗೆ ಬಂದಳು. ಸುದರ್ಶನ ಟೀ ಕುಡಿಯುತ್ತಿದ್ದ.

“ಇದೇನು?”

“ಮೊಟ್ಟೆ.”

“ಗೊತ್ತಾಗುತ್ತೆ. ನಮ್ಮನೇಲಿ ಯಾಕೆ?”

“ನಾಳೆ ಬೆಳಿಗ್ಗೆ ಒಂದು ಸಲ ಮಾಡಬೇಕು, ಸರಿಯಾಗಿ. ಇವತ್ತು ಕೈ ಪಳಗಿಸ್ಕೋತೀನಿ.”

“ಶೈಲೂ, ಆಸ್ಪತ್ರೆ ಕೆಲಸ ಆಸ್ಪತ್ರೇಲಿ ಇರ್ಲಿ. ಅಡುಗೆಮನೇಲಿ ದೇವರ ಗೂಡಿದೆ. ಜೂನಲ್ಲಿ ನಿನ್ನ ಕಾಂಟ್ರಾಕ್ಟ್ ರಿನ್ಯೂ ಆಗ್ಬೇಕು ಬೇರೆ. ಯಾಕೆ ಬೇಕು ಊರ ಉಸಾಬರಿ?”

“ಇಪ್ಪತ್ತಮೂರು ವರ್ಷ ಮೊಟ್ಟೆ ತಿನ್ನಿ ಅಂತ ಬರ್ದಿದೀನಿ ಸುದರ್ಶನ್. ಒಂದನ್ನೂ ಒಡೆದು ನೋಡಿಲ್ಲ. ನನಗೆ ನಾಚಿಕೆ ಆಗ್ತಿದೆ. ನಿನಗೆ ಬೇಡ ಅಂದ್ರೆ ಹೊರಗೆ ಬಾಲ್ಕನಿಯಲ್ಲಿ ಮಾಡ್ತೀನಿ. ಆದ್ರೆ ಮಾಡ್ತೀನಿ.”

ಬಾಲ್ಕನಿಯಲ್ಲೇ ಮಾಡಿದಳು. ನಮ್ಮ ಮನೆಯ ಇಡ್ಲಿ ಪಾತ್ರೆ, ನಮ್ಮ ಸಣ್ಣ ಗ್ಯಾಸ್ ಒಲೆ. ನಾನೂ ಹೋಗಿ ನಿಂತೆ. ಮೊದಲನೇ ಮೊಟ್ಟೆ ಅವಳ ಕೈಯಲ್ಲಿ ಪುಡಿಯಾಗಿ ಮೊಣಕೈವರೆಗೆ ಇಳಿಯಿತು. ಅವಳ ಮುಖ ನೋಡಿ ನನಗೆ ಭಯವಾಯಿತು, ಈಗ ಒಳಗೆ ಓಡಿ ಸ್ನಾನ ಮಾಡುತ್ತಾಳೆ ಎಂದು. ಕೈ ಒರೆಸಿಕೊಂಡು ಎರಡನೆಯದನ್ನು ತೆಗೆದುಕೊಂಡಳು. ಐದನೆಯದು ಸರಿಯಾಗಿ ಬಂತು. ಸುದರ್ಶನ ಬಾಗಿಲಲ್ಲಿ ನಿಂತು ನೋಡಿದ. “ಮೇಲೆ ತೂತು ಬಿದ್ದಿಲ್ಲ, ಚೆನ್ನಾಗಿದೆ ಅಲ್ವಾ?” ಎಂದು ಅವಳು ಕೇಳಿದಾಗ ತಲೆಯಾಡಿಸಿ ಒಳಗೆ ಹೋದ.

ಗುರುವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳು ಅದನ್ನು ಮಾಡಿದಳು. ಫಿಲೋಮಿನಾ ಪಕ್ಕದಲ್ಲಿ ನಿಂತು ಹಬೆ ನೋಡಿಕೊಂಡಳು. ಮೆನುವಿನಲ್ಲಿ ಇಲ್ಲದ್ದನ್ನು ಮಾಡಲು ಮ್ಯಾನೇಜರರ ಸಹಿ ಬೇಕು. ಸಹಿ ಇರಲಿಲ್ಲ. “ನಾನು ಉಪ್ಪು ತರೋಕೆ ಹೋಗಿದ್ದೆ, ನೋಡಿಲ್ಲ” ಎಂದು ಫಿಲೋಮಿನಾ ಒಂದು ಕಡೆ ತಿರುಗಿ ನಿಂತಳು. ಉಪ್ಪಿನ ಡಬ್ಬ ಅವಳ ಕೈಯಲ್ಲೇ ಇತ್ತು.

ಲಾವ್ ತಾಯ್ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಶೈಲಜಾ ಬೋಗುಣಿ ಹಿಡಿದು ಪಕ್ಕದಲ್ಲಿ ಕೂತಳು.

“ಜೋ ಸನ್, ಲಾವ್ ತಾಯ್.”

ಮುದುಕಿ ತಿರುಗಲಿಲ್ಲ. ಆದರೆ ಕಣ್ಣು ತೆರೆದರು.

“ಜಿಂಗ್ ಸೋಯ್ ದಾನ್” ಎಂದಳು ಶೈಲಜಾ. ದನಿ ಏರಬೇಕಾದಲ್ಲಿ ಏರಲಿಲ್ಲ.

ಈಗ ಅವರು ತಿರುಗಿದರು. ಬೋಗುಣಿ ನೋಡಿದರು, ಇವಳನ್ನು ನೋಡಿದರು. ಎಡಗೈ ಎತ್ತಿ ಗಾಳಿಯಲ್ಲಿ ಬರೆಯುವಂತೆ ಮಾಡಿದರು. ಹೋಟೆಲಿನಲ್ಲಿ ಗಿರಾಕಿ ಬಿಲ್ಲು ಕೇಳುವ ಹಾಗೆ. ಮುಖದ ಅರ್ಧ ಭಾಗ ನಗುತ್ತಿತ್ತು. ಆಮೇಲೆ ನಿಧಾನವಾಗಿ, ಮಗುವಿಗೆ ಹೇಳಿಕೊಡುವಂತೆ, ದನಿ ಏರಿಸಿ ಹೇಳಿದರು: “ದಾನ್.”

“ದಾನ್.”

ಅವರು ತಲೆ ಅಲ್ಲಾಡಿಸಿದರು. “ದಾನ್.”

ನಾಲ್ಕನೇ ಸಲಕ್ಕೆ ಸರಿಯಾಯಿತು. ಆಗ ಅವರು ಬಾಯಿ ತೆರೆದರು. ಶೈಲಜಾ ಎಣಿಸಿದಳು: ಹನ್ನೆರಡು ಚಮಚ. ಪ್ರತಿ ಚಮಚಕ್ಕೂ ಗಂಟಲು ನೋಡಿದಳು. ಕೆಮ್ಮಿಲ್ಲ, ನೆತ್ತಿಗೇರಲಿಲ್ಲ. ಬೋಗುಣಿ ಬರಿದಾದ ಮೇಲೆ ಲಾವ್ ತಾಯ್ “ಹೋ ಸಿಕ್” ಎಂದರು.

ಬಾಗಿಲಲ್ಲಿದ್ದ ನರ್ಸು, “ಸಿಕ್ ಅಂತಿದಾರೆ, ಇಂಜೆಕ್ಷನ್ ತರ್ಲಾ?” ಎಂದಳು.

“ಬೇಡ. ರುಚಿಯಾಗಿದೆ ಅಂತಿದಾರೆ” ಎಂದಳು ಶೈಲಜಾ. ಚಾರ್ಟ್ ತೆಗೆದುಕೊಂಡು ಹೀಗೆ ಬರೆದಳು: ‘ರೋಗಿ ಮೊದಲ ದಿನದಿಂದಲೂ ಸಹಕರಿಸುತ್ತಿದ್ದಾರೆ. ಸಿಕ್ ಎಂದರೆ ಕ್ಯಾಂಟನೀಸ್‌ನಲ್ಲಿ ತಿನ್ನು. ವಾಂತಿಯ ಔಷಧಿ ಅಗತ್ಯವಿರಲಿಲ್ಲ. ಅವರು ಹೇಳಿದ್ದನ್ನು ನಾವು ಕೇಳಿಸಿಕೊಂಡಿರಲಿಲ್ಲ.’ ಕೆಳಗೆ ಪೂರ್ತಿ ಹೆಸರು, ಸಹಿ, ವೇಳೆ.

ಒಂಬತ್ತು ಗಂಟೆಗೆ ಸಭೆ. ನರರೋಗದ ಡಾಕ್ಟರ್ ಅಟಿಯೆನೋ ಇದ್ದರು, ರೋಗಿಗಳ ಸೇವೆಯ ಮ್ಯಾನೇಜರ್ ಅಭಯ್ ಶಾ ಇದ್ದ. ಅಭಯ್ ಮೂರು ತಲೆಮಾರಿನಿಂದ ನೈರೋಬಿಯಲ್ಲೇ ಇರುವ ಮನೆತನದವನು, ಸಭ್ಯ, ಅಂದವಾಗಿ ಮಾತಾಡುವವನು. ಚಾರ್ಟನ್ನು ಮೇಜಿನ ಮೇಲೆ ಇಟ್ಟ.

“ಈ ಸಾಲುಗಳನ್ನು ಹೊಡೆದುಹಾಕಿ, ಶೈಲಜಾ ಅವರೇ. ನಾಳೆ ವಕೀಲರು ಓದಿದರೆ?”

“ಓದಲಿ ಅಂತಾನೇ ಬರೆದಿದ್ದು.”

“ನೀವು ರಸ್ತೆ ಬದಿ ಮೊಟ್ಟೆ ಮಾರುವವರ ಹತ್ತಿರ ರೋಗಿಯ ವಿಷಯ ಮಾತಾಡಿದ್ದೀರಿ. ನೋಂದಾಯಿತ ದುಭಾಷಿ ಇರುವಾಗ.”

“ರೋಗಿಯ ವಿಷಯ ಒಂದಕ್ಷರ ಹೇಳಿಲ್ಲ. ಪದ ಕಲಿತೆ. ನಿಮ್ಮ ನೋಂದಾಯಿತ ದುಭಾಷಿಗೆ ಬರದ ಪದಗಳು. ಆತ ಅದನ್ನು ಭಾಷೆಯೇ ಅಲ್ಲ ಅಂದ. ಆ ಭಾಷೆಯಲ್ಲಿ ಮೊಟ್ಟೆಗೆ ಎಷ್ಟು ಹೆಸರಿದೆ ಅಂತ ಹೇಳ್ಲಾ?” ಎಂದು ಹೇಳಿಯೂಬಿಟ್ಟಳು. ಒಂದಾದ ಮೇಲೊಂದು, ದನಿ ಏರಿಸಿ, ಎಲ್ಲವನ್ನೂ. ಅಭಯ್ ಗಡಿಯಾರ ನೋಡಿಕೊಂಡ. ಡಾಕ್ಟರ್ ಅಟಿಯೆನೋ ಕೈ ಮೇಲೆ ಗಲ್ಲವಿಟ್ಟು ಪೂರ್ತಿ ಕೇಳಿದರು.

“ನಮ್ಮಜ್ಜಿಗೂ ಲುವೋ ಬಿಟ್ಟು ಬೇರೆ ಭಾಷೆ ಬರ್ತಿರಲಿಲ್ಲ” ಎಂದರು ಡಾಕ್ಟರ್, ಎದ್ದು ನಿಂತು. “ಬನ್ನಿ, ಆಕೆಯನ್ನೇ ಕೇಳೋಣ.”

ಅವರು ಸುಮ್ಮನೆ ಒಪ್ಪುವವರಲ್ಲ. ಲಾವ್ ತಾಯ್ ಮುಂದೆ ಒಂದು ಬೇಯಿಸಿದ ಮೊಟ್ಟೆ, ಒಂದು ಬೋಗುಣಿ ಗಂಜಿ ಇರಿಸಿ, ಸ್ಥಾನ ಬದಲಿಸಿ ಬದಲಿಸಿ, ಬೇಕೋ ಬೇಡವೋ ಎಂದು ಶೈಲಜಾಳಿಂದ ಎಂಟು ಸಲ ಕೇಳಿಸಿದರು. ಎಂಟು ಸಲವೂ ಮೊಟ್ಟೆಗೆ ‘ಮ್ ಯೀವ್’, ಗಂಜಿಗೆ ‘ಯೀವ್’. ಕೊನೆಕೊನೆಗೆ ಲಾವ್ ತಾಯ್ ಬೇಸರ ಬಂದು ಮೊಟ್ಟೆಯನ್ನು ಹಾಸಿಗೆಯಿಂದ ಕೆಳಗೆ ಉರುಳಿಸಿದರು. ಹೊಟ್ಟೆಗೆ ಹಾಕುವ ನಳಿಕೆಯನ್ನು ತೋರಿಸಿ, ತಮ್ಮ ಹೊಟ್ಟೆಯ ಮೇಲೆ ಬೆರಳಿಟ್ಟು ಡಾಕ್ಟರ್ ಕೇಳಿದರು. “ಮ್ ಯೀವ್.” ಅದಕ್ಕೆ ಎರಡನೇ ಸಲ ಕೇಳಬೇಕಾಗಲಿಲ್ಲ.

“ಇನ್ನೊಂದು ಕೇಳ್ಲಾ ಡಾಕ್ಟರ್?” ಎಂದ ಶೈಲಜಾ, ಉತ್ತರಕ್ಕೆ ಕಾಯದೆ ಮುದುಕಿಯ ಕಡೆ ಬಗ್ಗಿದಳು. “ಲಾವ್ ತಾಯ್. ಕ್ಯಾಲೋ. ಯೀವ್?”

ಆ ಹೆಸರು ಕೇಳಿ ಲಾವ್ ತಾಯ್ ಮಂಚದ ಕಂಬಿಯನ್ನು ಎಡಗೈಯಿಂದ ಹಿಡಿದು ಅಲುಗಾಡಿಸಿದರು. “ಯೀವ್! ಯೀವ್! ಯೀವ್!” ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಕಣ್ಣಿಂದ ನೀರು. ಡಾಕ್ಟರ್ ಅಟಿಯೆನೋ ಪೆನ್ನು ತೆಗೆದು, ರೋಗಿ ತನ್ನ ಇಷ್ಟವನ್ನು ತಾನೇ ಹೇಳಲು ಸಮರ್ಥಳು ಎಂದು ಬರೆದರು. ನೋಡಲು ಬರುವವರ ಪಟ್ಟಿಗೆ ಮೂರನೆಯ ಹೆಸರು ಸೇರಿತು. ಮರುದಿನ ಆರೂವರೆಗೆ ಗಾರ್ಡು ಕ್ಯಾಲೋಗೆ ಗೇಟು ತೆಗೆದ. ಫ್ಲಾಸ್ಕಿನ ಗಂಜಿಯ ರುಚಿ ನೋಡಿದ ಲಾವ್ ತಾಯ್ ಮೊದಲು ಮಾಡಿದ ಕೆಲಸವೆಂದರೆ ಅದು ನೀರಾಗಿದೆ ಎಂದು ಬೈದದ್ದು. ಕ್ಯಾಲೋ ನಿಂತುಕೊಂಡೇ ಕಣ್ಣೊರೆಸಿಕೊಂಡು, ಅದೇ ಭಾಷೆಯಲ್ಲಿ ವಾದ ಮಾಡಿದರಂತೆ.

ಮುಂದಿನ ವಾರ ಶೈಲಜಾಳಿಗೆ ಎಚ್ಚರಿಕೆಯ ಪತ್ರ ಬಂತು. ಅನುಮತಿ ಇಲ್ಲದೆ ಅಡುಗೆ, ಹೊರಗಿನವರ ಸಂಪರ್ಕ, ಚಾರ್ಟಿನಲ್ಲಿ ಅನುಚಿತ ಭಾಷೆ. ತಪ್ಪು ಒಪ್ಪಿದ್ದೇನೆ ಎಂದು ಕೊನೆಯಲ್ಲಿ ಸಹಿ ಹಾಕಿ ಕೊಡಬೇಕು. ಅವಳು ಅದನ್ನು ಕಾರಿನಲ್ಲಿ ನನಗೆ ಗಟ್ಟಿಯಾಗಿ ಓದಿದಳು.

“ಹಾಕಿಬಿಡು ಕಣೇ, ಒಂದು ಸಹಿ ತಾನೇ. ಕೆಲಸ ಉಳಿಯುತ್ತೆ” ಎಂದೆ ನಾನು. ನಿಜಕ್ಕೂ ಹಾಗೇ ಅನ್ನಿಸಿತ್ತು ನನಗೆ.

“ಸರಿಯಾದ ವಿಷಯಕ್ಕೆ ಸಹಿ ಕೇಳ್ಲಿ, ನೂರು ಹಾಕ್ತೀನಿ. ಆ ಅಮ್ಮನಿಗೆ ಹನ್ನೊಂದು ದಿನ ಸುಮ್‌ಸುಮ್ನೆ ಇಂಜೆಕ್ಷನ್ ಚುಚ್ಚಿದ್ರಲ್ಲ, ಅದಕ್ಕೆ ಯಾರು ಸಹಿ ಹಾಕಿದಾರೆ? ಅದನ್ನ ಮೊದಲು ತೋರಿಸ್ಲಿ.”

ಮನೆಯಲ್ಲೂ ಇದೇ ಮಾತು ನಡೆದಿರಬೇಕು. ಎರಡು ದಿನ ಬಿಟ್ಟು ಸುದರ್ಶನ ಮೆಟ್ಟಿಲ ಮೇಲೆ ಸಿಕ್ಕಾಗ, “ಅವಳು ಹಾಕಲ್ಲ. ನಾನೂ ಹೇಳೋದು ಬಿಟ್ಟೆ. ಹಾಕದೇ ಇದ್ರೇನೇ ಸರಿ ಅಂತ ನನಗೂ ಈಗ ಅನ್ನಿಸ್ತಿದೆ” ಎಂದ.

ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದೆವು. ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ. ಸುದ್ದಿ ಅಷ್ಟರಲ್ಲಿ ಹರಡಿತ್ತು. ಚಂಪಾ, ನಮ್ಮಲ್ಲಿ ಎಲ್ಲರ ಮನೆಯ ವಿಷಯವನ್ನೂ ಬಲ್ಲವಳು, ತಟ್ಟೆ ಹಿಡಿದು ಹತ್ತಿರ ಬಂದಳು.

“ಬಾಲ್ಕನೀಲಿ ಮೊಟ್ಟೆ ಮಾಡಿದ್ರಂತೆ ಶೈಲಜಾ? ತಿಂದ್ರಾ ಮತ್ತೆ?”

ಸುತ್ತ ಇದ್ದವರೆಲ್ಲ ಇವಳ ಕಡೆ ತಿರುಗಿದರು.

“ಅದನ್ನ ನಾನು ಹೇಳಲ್ಲ ಚಂಪಾ” ಎಂದಳು ಶೈಲಜಾ, ಮೆಲ್ಲಗೇ. “ತಿಂದಿಲ್ಲ ಅಂದ್ರೆ ನಿಮಗೆಲ್ಲ ಸಮಾಧಾನ ಆಗುತ್ತೆ, ನಾನು ಮಡಿಯಾಗಿ ಉಳಿದೆ ಅಂತ. ಫಿಲೋಮಿನಾ, ಕ್ಯಾಲೋ, ಲಾವ್ ತಾಯ್ ಎಲ್ಲ ತಿನ್ನೋರು. ಅವರನ್ನ ಕೆಳಗಿಟ್ಟು ನಾನು ಮೇಲೆ ನಿಲ್ಲೋ ಉತ್ತರ ನಾನು ಕೊಡಲ್ಲ. ಒಬ್ಬಟ್ಟಿಗೆ ತುಪ್ಪ ಹಾಕ್ಲಾ?”

ಚಂಪಾ ತುಪ್ಪ ಹಾಕಿಸಿಕೊಂಡಳು. ಇವಳು ತಿಂದಳೋ ಇಲ್ಲವೋ ನನಗೂ ಇವತ್ತಿನವರೆಗೆ ಗೊತ್ತಿಲ್ಲ.

ಜೂನಿನಲ್ಲಿ ಅವಳ ಕಾಂಟ್ರಾಕ್ಟು ಎರಡು ವರ್ಷದ ಬದಲು ಒಂದು ವರ್ಷಕ್ಕೆ ಬಂತು. ಅದಕ್ಕೆ ಸಹಿ ಹಾಕಿದಳು. ಎಚ್ಚರಿಕೆಯ ಪತ್ರಕ್ಕೆ ಹಾಕಲಿಲ್ಲ. ನೆನಪೋಲೆಗಳು ಬಂದವು, ಪ್ರತಿಯೊಂದಕ್ಕೂ ಒಂದೇ ಸಾಲಿನ ಉತ್ತರ ಕಳಿಸಿದಳು: ‘ಆ ರೋಗಿಗೆ ಕ್ಷಮಾಪಣೆ ಪತ್ರ ಹೋದ ದಿನ ಇದರ ಬಗ್ಗೆ ಮಾತಾಡೋಣ.’ ಕ್ಷಮಾಪಣೆ ಹೋಗಿಲ್ಲ. ಆದರೆ ಡಾಕ್ಟರ್ ಅಟಿಯೆನೋ ತಮ್ಮ ವಾರ್ಡಿನಲ್ಲಿ ಹೊಸ ರೋಗಿ ಬಂದ ದಿನವೇ ಯಾವ ಮಾತು ಆಡುತ್ತಾರೆ, ಬೆಳಿಗ್ಗೆ ಏನು ತಿನ್ನುತ್ತಾರೆ ಎಂಬುದನ್ನು ಮನೆಯವರಷ್ಟೇ ಅಲ್ಲ, ಗೇಟಿನಲ್ಲಿ ನಿಂತವರನ್ನೂ ಕೇಳಿ ಬರೆಯಬೇಕೆಂದು ಮಾಡಿದ್ದಾರೆ.

ಲಾವ್ ತಾಯ್ ಏಪ್ರಿಲ್ ಕೊನೆಗೆ ಮನೆಗೆ ಹೋದರು. ಮೊಂಬಾಸಾದಿಂದ ತಂಗಿಯ ಮಗ ಒಮ್ಮೆ ಬಂದು ಎಲ್ಲವನ್ನೂ ನೋಡಿ, ಕ್ಯಾಲೋರ ಕೈ ಹಿಡಿದುಕೊಂಡು, ನನಗೆ ಗೊತ್ತಿರಲಿಲ್ಲ ಎಂದನಂತೆ. ಕ್ಯಾಲೋ ಈಗ ಗಾಡಿಯನ್ನು ಮಧ್ಯಾಹ್ನ ಮಾತ್ರ ಹಾಕುತ್ತಾರೆ. ಬೆಳಿಗ್ಗೆ ಲಾವ್ ತಾಯ್ ಮನೆಯ ಅಡುಗೆ. ಬಲಗೈ ಬರಲಿಲ್ಲ. ಮಾತು ಸ್ವಲ್ಪ ಸ್ವಲ್ಪವೇ ಬರುತ್ತಿದೆ, ಸ್ವಾಹಿಲಿಯ ಕೆಲವು ಬೈಗುಳಗಳೂ ಹಿಂದಿರುಗಿವೆ.

ಭಾನುವಾರಗಳಲ್ಲಿ ಶೈಲಜಾ ಅಲ್ಲಿಗೆ ಹೋಗುತ್ತಾಳೆ. ಹೋದ ವಾರ ನನ್ನನ್ನೂ ಕರೆದುಕೊಂಡು ಹೋದಳು. ಅಂದು ಯಾವ್ ಜಾ ಗ್ವಾಯ್ ಮಾಡಬೇಕೆಂದಿತ್ತು. ಗಾಲಿಕುರ್ಚಿಯಲ್ಲಿ ಕೂತ ಲಾವ್ ತಾಯ್ ಎಡಗೈಯ ಕೋಲಿನಿಂದ ತೋರಿಸುತ್ತಿದ್ದರು, ಶೈಲಜಾ ಹಿಟ್ಟು ಎಳೆಯುತ್ತಿದ್ದಳು, ಕ್ಯಾಲೋ ಎಣ್ಣೆ ನೋಡುತ್ತಿದ್ದರು. ಮೊದಲನೆಯದು ಬಾಣಲೆಯಲ್ಲಿ ಉಬ್ಬದೆ ಮಲಗಿತು. ಲಾವ್ ತಾಯ್ ಏನೋ ಹೇಳಿದರು. ಕ್ಯಾಲೋ ನಕ್ಕರು. ಶೈಲಜಾ ನಗಲಿಲ್ಲ. ತಿರುಗಿ ನಿಂತು, ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು, ಅದೇ ಕ್ಯಾಂಟನೀಸ್‌ನಲ್ಲಿ ಏನೋ ತಿರುಗಿ ಕೊಟ್ಟಳು.

“ಏನಂದೆ?” ಎಂದು ಕೇಳಿದೆ.

“ಮ್ ಹೋ ಸಿಕ್ ಅಂದ್ರು. ತಿನ್ನದೇ ಹೇಗೆ ಗೊತ್ತಾಯ್ತು, ಮೊದಲು ತಿಂದು ನೋಡಿ ಅಂದೆ” ಎಂದಳು. ಆ ಮುದುರಿದ ಹಿಟ್ಟನ್ನು ಎತ್ತಿ ತಟ್ಟೆಗೆ ಹಾಕಿ ಲಾವ್ ತಾಯ್ ಮುಂದೆ ಇಟ್ಟಳು. ಅವರು ಅದನ್ನು ಗಂಜಿಯಲ್ಲಿ ಅದ್ದಿ, ಮುಖ ಸಿಂಡರಿಸಿಕೊಂಡು, ಪೂರ್ತಿ ತಿಂದರು.